ಮೋಡೆಮಿನ ಮಿದುಳು

1991ನೆಯ ಇಸವಿಯ ಕೊನೆಯ ದಿನಗಳು. ಫಿನ್ಲೆಂಡಿನ ರಾಜಧಾನಿಯಾದ ಹೆಲ್ಸಿಂಕಿಯಲ್ಲಿ, ಇಪ್ಪತ್ತೆರಡರ ಹೊಸ್ತಿಲಲ್ಲಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ತನ್ನ ಕಂಪ್ಯೂಟರಿನ ಮುಂದೆ ಕುಳಿತು ವಿಶ್ವವಿದ್ಯಾನಿಲಯದ ದೊಡ್ಡ ಯಂತ್ರಕ್ಕೆ ಟೆಲಿಫೋನು ಮಾಡಲು ಹೊರಟ. ಸಂಖ್ಯೆಯನ್ನು ತಿರುಗಿಸಬೇಕಾದವನು ಆತನಲ್ಲ. ಕಂಪ್ಯೂಟರಿಗೆ ಜೋಡಿಸಿದ್ದ ಮೋಡೆಮ್ ಎಂಬ ಉಪಕರಣ. ಆದರೆ ಅಪ್ಪಣೆಯನ್ನು ಕಳುಹಿಸುವಾಗ ವಿಳಾಸ ತಪ್ಪಿತು. ‘ಈ ಸಂಖ್ಯೆಗೆ ಕರೆಮಾಡು’ ಎಂಬ ಆಜ್ಞೆ ಮೋಡೆಮಿಗೆ ಹೋಗುವುದರ ಬದಲು ಹಾರ್ಡ್ ಡಿಸ್ಕಿಗೆ ಹೋಯಿತು. ಡಿಸ್ಕು ಎಲ್ಲಿಯಾದರೂ ಟೆಲಿಫೋನು ಮಾಡಬಲ್ಲುದೆ? ತನಗೆ ಬಂದುದನ್ನು ಬರೆದಿಟ್ಟುಕೊಳ್ಳುವುದಷ್ಟೇ ಅದು ಬಲ್ಲ ವಿದ್ಯೆ. ಮಿನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ನೆಲೆಸಿದ್ದ ಜಾಗದ ಮೇಲೆಯೇ ಅದು ಆ ಆಜ್ಞೆಯನ್ನು ವಿಧೇಯವಾಗಿ ಬರೆದುಕೊಂಡಿತು. ಮಿನಿಕ್ಸ್ ಹಾಳಾಯಿತು.

ಬೇರೊಬ್ಬನಾಗಿದ್ದರೆ ತಲೆಯ ಮೇಲೆ ಕೈಹೊತ್ತು, ಕಳೆದುಹೋದುದನ್ನು ಮತ್ತೆ ಕೂಡಿಸಲು ಒಂದೆರಡು ದಿನ ಶ್ರಮಿಸುತ್ತಿದ್ದ. ಟೋರ್ವಾಲ್ಡ್ಸ್ ಹಾಗೆ ಮಾಡಲಿಲ್ಲ. ಆ ವರ್ಷವೆಲ್ಲ ತಾನೇ ಬರೆಯುತ್ತ ಬಂದಿದ್ದ ಹೊಸ ವ್ಯವಸ್ಥೆ ಆ ವೇಳೆಗೆ ತಕ್ಕಮಟ್ಟಿಗೆ ನಿಂತುಕೊಳ್ಳುವ ಸ್ಥಿತಿಗೆ ಬಂದಿದ್ದಿತು. ಮಿನಿಕ್ಸನ್ನು ಮತ್ತೆ ಹಾಕುವ ಗೋಜಿಗೆ ಹೋಗದೆ ಆತ ಅದರಲ್ಲಿಯೇ ನೆಲೆಯಾದ. ಅದೇ ಲಿನಕ್ಸ್. ಅದರ ಮೂಲವನ್ನು ಹುಡುಕಿದರೆ ಅಲ್ಲಿಯೂ ಮೋಡೆಮೇ ಇದೆ. ವಿಶ್ವವಿದ್ಯಾನಿಲಯದ ಯುನಿಕ್ಸ್ ಯಂತ್ರವನ್ನು ಮನೆಯಿಂದಲೇ ಟೆಲಿಫೋನಿನ ಮೂಲಕ ಮುಟ್ಟುವುದಕ್ಕೆಂದು ಆತ ಬರೆದ ಒಂದು ಸಣ್ಣ ತಂತ್ರಾಂಶವೇ ಬೆಳೆಬೆಳೆದು ಕಾರ್ಯಾಚರಣ ವ್ಯವಸ್ಥೆಯಾದುದು. ಹೀಗೆ ಮೋಡೆಮನ್ನೇ ಸೂಲಗಿತ್ತಿಯಾಗಿ ಪಡೆದು ಹುಟ್ಟಿದ ಲಿನಕ್ಸ್, ಏಳೆಂಟು ವರ್ಷಗಳು ಕಳೆಯುವಷ್ಟರಲ್ಲಿ ಅಂಗಡಿಯಲ್ಲಿ ಸಿಕ್ಕುವ ಹೆಚ್ಚಿನ ಮೋಡೆಮುಗಳನ್ನು ಗುರುತಿಸಲಾರದೆ ನಿಂತಿತು! ಹಾಗೇಕಾಯಿತು ಎಂಬುದನ್ನು ತಿಳಿಯಬೇಕಾದರೆ ಆ ಉಪಕರಣದ ಹೊಟ್ಟೆಯನ್ನು ಸ್ವಲ್ಪ ಬಗೆದು ನೋಡಬೇಕು.

ಟೆಲಿಫೋನಿನ ತಂತಿಯನ್ನು ಎಳೆದುದು ಮನುಷ್ಯನ ಮಾತಿಗಾಗಿ. ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳವರೆಗಿನ ಧ್ವನಿ ಅದರಲ್ಲಿ ದಾಟುತ್ತದೆ. ಅದರ ಆಚೀಚೆಯದಕ್ಕೆ ಪ್ರವೇಶವಿಲ್ಲ. ಕಂಪ್ಯೂಟರಿನ ಭಾಷೆಯಾದರೋ ಸೊನ್ನೆ ಮತ್ತು ಒಂದು ಎಂಬ ಎರಡೇ ಅಕ್ಷರಗಳದು. ಈ ಸೊನ್ನೆ ಒಂದುಗಳನ್ನು ತಂತಿಗೆ ಒಗ್ಗುವ ಸಿಳ್ಳುಗಳನ್ನಾಗಿ ಮಾಡಿ ಕಳುಹಿಸುವುದು, ಆ ಕಡೆಯಿಂದ ಬಂದ ಸಿಳ್ಳುಗಳನ್ನು ಮತ್ತೆ ಸೊನ್ನೆ ಒಂದುಗಳನ್ನಾಗಿ ಒಡೆಯುವುದು, ಇವೆರಡು ಮೋಡೆಮಿನ ಕೆಲಸಗಳು. ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎಂಬ ಎರಡು ಹೆಸರುಗಳ ತುಂಡುಗಳನ್ನು ಹೊಲಿದರೆ ಮೋಡೆಮ್ ಆಗುತ್ತದೆ. ಅಮೆರಿಕದ ಬೆಲ್ ಸಂಸ್ಥೆ 1962ರಲ್ಲಿ ಹೊರತಂದ ‘ಬೆಲ್ 103’ ಸೆಕೆಂಡಿಗೆ 300 ಬಿಟ್‌ಗಳನ್ನು ಸಾಗಿಸುತ್ತಿದ್ದಿತು. 1998ರಲ್ಲಿ ಅಂತರರಾಷ್ಟ್ರೀಯ ಒಪ್ಪಿಗೆಯನ್ನು ಪಡೆದ ‘ವಿ.90’ ಎಂಬ ಕ್ರಮದಲ್ಲಿ ಅದೇ ಸಾಧಾರಣ ತಂತಿಯ ಮೇಲೆ, ಮನೆಯ ಕಡೆಗೆ ಬರುವ ದಿಕ್ಕಿನಲ್ಲಿ 56,000 ಬಿಟ್‌ಗಳವರೆಗೆ ಸಾಧ್ಯವಾಯಿತು. ಮೂವತ್ತಾರು ವರ್ಷಗಳಲ್ಲಿ ತಂತಿ ಬದಲಾಗಲಿಲ್ಲ. ಅದರ ತುದಿಯಲ್ಲಿ ಕುಳಿತವನ ಜಾಣತನ ಬೆಳೆಯಿತು.

ಆದರೆ ವೇಗವೊಂದರಿಂದಲೇ ಮೋಡೆಮು ಮನೆಮನೆಗೆ ಬರಲಿಲ್ಲ. ಅದಕ್ಕೆ ಒಂದು ಭಾಷೆ ಬೇಕಾಗಿದ್ದಿತು. ಅಮೆರಿಕದ ಜಾರ್ಜಿಯ ಸಂಸ್ಥಾನದಲ್ಲಿ ಡೆನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್ಟನ್ ಎಂಬ ಇಬ್ಬರು ತರುಣರು 1981ರಲ್ಲಿ ‘ಸ್ಮಾರ್ಟ್‌ಮೋಡೆಮ್’ ಎಂಬುದನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ಕೊಡಬೇಕಾದ ಆಜ್ಞೆಗಳೆಲ್ಲ ಸರಳವಾದ ಅಕ್ಷರಗಳು. ‘ಎಟಿ’ ಎಂದರೆ ‘ಇತ್ತ ಕೇಳು’ ಎಂದರ್ಥ. ಅದರ ಮುಂದೆ ‘ಡಿ’ ಹಚ್ಚಿದರೆ ಕರೆಮಾಡು, ‘ಎಚ್’ ಹಚ್ಚಿದರೆ ಫೋನಿಡು, ‘ಝಡ್’ ಹಚ್ಚಿದರೆ ಮೊದಲಿನ ಸ್ಥಿತಿಗೆ ಬಾ. ಮೋಡೆಮು ಆಜ್ಞೆಯನ್ನು ತಿಳಿದುಕೊಂಡರೆ ‘ಓಕೆ’ ಎಂದು ಉತ್ತರ ಕೊಡುತ್ತದೆ. ಇಷ್ಟೇ ವ್ಯಾಕರಣ. ಉಳಿದ ಕಂಪೆನಿಗಳೂ ಇದನ್ನೇ ಅನುಸರಿಸಿದುವು. ಹೇಯ್ಸ್ ಕಂಪೆನಿ 1999ರಲ್ಲಿ ದಿವಾಳಿಯೆದ್ದು ಮುಚ್ಚಿಹೋಯಿತಾದರೂ ಅದರ ಭಾಷೆ ಸಾಯಲಿಲ್ಲ. ಇಂದು ಜನರ ಜೇಬಿನಲ್ಲಿರುವ ಮೊಬೈಲ್ ಫೋನಿನ ಒಳಗಿನ ಮೋಡೆಮಿಗೂ ಇದೇ ‘ಎಟಿ’ ಆಜ್ಞೆಗಳ ಒಂದು ಬೆಳೆದ ರೂಪ ಅರ್ಥವಾಗುತ್ತದೆ.

ಯುನಿಕ್ಸ್ ಮತ್ತು ಅದರ ಜಾಡಿನಲ್ಲಿ ನಡೆಯುವ ಲಿನಕ್ಸ್, ಫ್ರೀಬಿಎಸ್‌ಡಿ ಮೊದಲಾದುವುಗಳಿಗೆ ಈ ಏರ್ಪಾಡು ಹೇಳಿ ಮಾಡಿಸಿದಂತಿದ್ದಿತು. ಈ ವ್ಯವಸ್ಥೆಗಳಲ್ಲಿ ಯಂತ್ರದ ಒಂದೊಂದು ಅಂಗವೂ ಒಂದೊಂದು ಕಡತದ ವೇಷದಲ್ಲಿರುತ್ತದೆ. ಡಿಸ್ಕು ಒಂದು ಕಡತ. ಕಂಪ್ಯೂಟರಿನ ಬೆನ್ನಿನ ಸೀರಿಯಲ್ ಪೋರ್ಟು, ಅಂದರೆ ಒಂದರ ಹಿಂದೊಂದರಂತೆ ಬಿಟ್‌ಗಳು ಹೊರಡುವ ಕಿಂಡಿ, ಇನ್ನೊಂದು ಕಡತ. ಹೆಲ್ಸಿಂಕಿಯ ಅಪಘಾತ ಸಂಭವಿಸಿದುದೂ ಇದರಿಂದಲೇ: ಎರಡಕ್ಕೂ ಬರೆಯುವ ಕ್ರಮ ಒಂದೇ ಆಗಿರುವಾಗ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಸಾಕು. ಅಪಾಯವಿರಬಹುದು, ಆದರೆ ಅನುಕೂಲ ದೊಡ್ಡದು. ಕಿಂಡಿಯ ಕಡತಕ್ಕೆ ‘ಎಟಿ’ ಎಂದು ಬರೆ, ಅದೇ ಕಡತದಿಂದ ‘ಓಕೆ’ ಎಂದು ಓದು. ಕಿಂಡಿಯ ಆಚೆ ಯಾವ ಕಂಪೆನಿಯ ಯಾವ ಮಾದರಿ ಕುಳಿತಿದೆ ಎಂಬುದು ವ್ಯವಸ್ಥೆಗೆ ಬೇಕಿಲ್ಲ. ಮೋಡೆಮಿಗೆಂದು ಪ್ರತ್ಯೇಕವಾದ ಡ್ರೈವರ್, ಅಂದರೆ ಉಪಕರಣವನ್ನು ನಡೆಸುವ ತಂತ್ರಾಂಶ, ಆಗ ಬೇಕಾಗುತ್ತಲೇ ಇರಲಿಲ್ಲ.

ಭಾರತದಲ್ಲಿ ಇಂಟರ್ನೆಟ್ ಸಾರ್ವಜನಿಕರಿಗೆ ತೆರೆದುದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ವಿದ್ಯಾರ್ಥಿಗಳಿಗೆ ಕಡಿಮೆ ದರದಲ್ಲಿ ದೊರೆಯುತ್ತಿದ್ದ ಖಾತೆಯಲ್ಲಿ ಚಿತ್ರಗಳಿಗೆ ಅವಕಾಶವಿರಲಿಲ್ಲ, ಅಕ್ಷರಗಳು ಮಾತ್ರ. ಮೋಡೆಮಿನ ಮೂಲಕ ಕರೆಮಾಡಿದಾಗ ಆ ತುದಿಯಲ್ಲಿ ಉತ್ತರಿಸುತ್ತಿದ್ದುದು ಒಂದು ಯುನಿಕ್ಸ್ ಯಂತ್ರವೇ. ಅದೇ ಕಾಲದಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ (1962–2013) ಅವರಂಥ ಉತ್ಸಾಹಿಗಳ ಮುತುವರ್ಜಿಯಿಂದ ‘ಪಿಸಿ ಕ್ವೆಸ್ಟ್’ ಎಂಬ ಇಂಗ್ಲಿಷ್ ಮಾಸಪತ್ರಿಕೆಯ ಜೊತೆಯಲ್ಲಿ ಲಿನಕ್ಸ್ ತುಂಬಿದ ತಟ್ಟೆಗಳು ಓದುಗರ ಮನೆಗೆ ಬರತೊಡಗಿದುವು. ನೂರಾರು ಮೆಗಾಬೈಟುಗಳನ್ನು ಟೆಲಿಫೋನಿನ ತಂತಿಯಲ್ಲಿ ಇಳಿಸಿಕೊಳ್ಳುವುದು ಹುಡುಗಾಟವಲ್ಲದ ಆ ದಿನಗಳಲ್ಲಿ ಲಿನಕ್ಸ್ ಅನೇಕರ ಕೈಗೆ ಸಿಕ್ಕಿದುದು ಹೀಗೆ.

ಆಗ ಮಧ್ಯಮವರ್ಗದ ಹಲವು ಮನೆಗಳಲ್ಲಿ ನಡೆದ ಪ್ರಸಂಗವೊಂದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ತಂದೆ ಭವಿಷ್ಯನಿಧಿಯಿಂದಲೋ ಸಹಕಾರ ಸಂಘದಿಂದಲೋ ಸಾಲ ತೆಗೆದು, ಪರಿಚಿತ ಅಂಗಡಿಯೊಂದರಲ್ಲಿ ಬಿಡಿಭಾಗಗಳನ್ನು ಜೋಡಿಸಿದ ಕಂಪ್ಯೂಟರನ್ನು ಮಗನಿಗಾಗಿ ಕೊಂಡುತಂದರು. ‘ಒಳಗೇ ಮೋಡೆಮ್ ಇದೆ’ ಎಂದು ಅಂಗಡಿಯವನು ಭರವಸೆಯಿತ್ತಿದ್ದ. ವಿಂಡೋಸ್ ನಡೆಯುವಾಗ ಎಲ್ಲವೂ ಸರಿ: ಕೀಚುಗುಟ್ಟುವ ಸದ್ದಾಗುತ್ತದೆ, ಇಂಟರ್ನೆಟ್ ಬರುತ್ತದೆ, ಮನೆಯ ಫೋನು ಎಂಗೇಜ್ ಆಗುತ್ತದೆ, ತಾಯಿ ಗೊಣಗುತ್ತಾರೆ. ಮಗ ಪತ್ರಿಕೆಯ ತಟ್ಟೆಯಿಂದ ಲಿನಕ್ಸನ್ನು ಹಾಕಿದ. ‘ಎಟಿ’ ಎಂದು ಬರೆದ. ಉತ್ತರವಿಲ್ಲ. ಮೊದಲನೆಯ ಕಿಂಡಿ, ಎರಡನೆಯದು, ಮೂರನೆಯದು, ನಾಲ್ಕನೆಯದು, ಎಲ್ಲಿಯೂ ಮೌನ. ಮೋಡೆಮು ಕೆಟ್ಟಿದೆಯೆಂದು ಹೇಳುವಂತಿಲ್ಲ, ವಿಂಡೋಸಿಗೆ ಹಿಂತಿರುಗಿದರೆ ಅದು ಮಾತನಾಡುತ್ತದೆ. ಲಿನಕ್ಸೇ ಸರಿಯಿಲ್ಲವೆಂದು ತಂದೆ ತೀರ್ಮಾನಿಸಿದರೆ ಅವರನ್ನು ಆಕ್ಷೇಪಿಸುವುದು ಹೇಗೆ? ಹುಡುಗನ ಉತ್ಸಾಹಕ್ಕೆ ಅಲ್ಲಿಗೆ ತಣ್ಣೀರು. ಎಷ್ಟು ಮಂದಿ ಹೀಗೆ ಬಾಗಿಲಿನಿಂದಲೇ ಹಿಂತಿರುಗಿದರೋ, ಲೆಕ್ಕವಿಟ್ಟವರಿಲ್ಲ.

ತಪ್ಪು ಲಿನಕ್ಸಿನದಲ್ಲ, ಹುಡುಗನದೂ ಅಲ್ಲ. ಪೆಟ್ಟಿಗೆಯೊಳಗೆ ಇದ್ದುದು ಪೂರ್ಣವಾದ ಮೋಡೆಮೇ ಅಲ್ಲ.

ಒಂದು ಸಂಪೂರ್ಣವಾದ ಮೋಡೆಮಿನಲ್ಲಿ ಮೂರು ಅಂಗಗಳನ್ನು ಕಾಣಬಹುದು. ಮೊದಲನೆಯದು ಬಾಗಿಲು: ಟೆಲಿಫೋನು ತಂತಿಯನ್ನು ಅಂಟಿಕೊಂಡು, ಅದರ ವಿದ್ಯುತ್ತು ಕಂಪ್ಯೂಟರಿಗೆ ಹರಿಯದಂತೆ ತಡೆಯುವ ಭಾಗ. ಎರಡನೆಯದು ಗಂಟಲು ಮತ್ತು ಕಿವಿ: ಸಿಳ್ಳುಗಳನ್ನು ಹುಟ್ಟಿಸುವ, ಬಂದ ಸಿಳ್ಳುಗಳನ್ನು ಬಿಡಿಸುವ ಗಣಿತಜ್ಞ ಚಿಪ್ಪು. ಮೂರನೆಯದು ಮಿದುಳು: ‘ಎಟಿ’ ಆಜ್ಞೆಗಳನ್ನು ತಿಳಿದುಕೊಳ್ಳುವ, ದಾರಿಯಲ್ಲಿ ಕೆಟ್ಟುಹೋದ ಅಕ್ಷರಗಳನ್ನು ಮತ್ತೆ ಕೇಳಿ ತರಿಸಿಕೊಳ್ಳುವ, ಸಂದೇಶವನ್ನು ಒತ್ತಿ ಚಿಕ್ಕದು ಮಾಡುವ ನಿಯಂತ್ರಕ. 1990ರ ದಶಕದ ಉತ್ತರಾರ್ಧದಲ್ಲಿ ಕಂಪ್ಯೂಟರುಗಳ ಮುಖ್ಯ ಚಿಪ್ಪುಗಳು ಬಲಶಾಲಿಗಳಾದುವು. ಆಗ ತಯಾರಕರಿಗೆ ಒಂದು ಯೋಚನೆ ಹೊಳೆಯಿತು. ಮನೆಯಲ್ಲಿ ಇಷ್ಟು ಬಲಿಷ್ಠನಾದ ಯಜಮಾನನಿರುವಾಗ ಮೋಡೆಮಿಗೆ ಪ್ರತ್ಯೇಕವಾಗಿ ಮಿದುಳೇಕೆ? ಆ ಕೆಲಸವನ್ನು ಆತನೇ ಮಾಡಲಿ! ಮೊದಲು ಮಿದುಳನ್ನು ತೆಗೆದರು. ಆಮೇಲೆ ಗಂಟಲು ಕಿವಿಗಳನ್ನೂ ತೆಗೆದರು. ಉಳಿದುದು ಬಾಗಿಲು ಮತ್ತು ಒಂದೆರಡು ಚಿಲ್ಲರೆ ಚಿಪ್ಪುಗಳು. ತೆಗೆದುಹಾಕಿದ ಅಂಗಗಳ ಕೆಲಸವನ್ನು ವಿಂಡೋಸಿಗಾಗಿ ಬರೆದ ಒಂದು ತಂತ್ರಾಂಶ ವಹಿಸಿಕೊಂಡಿತು. ಯು.ಎಸ್. ರೊಬೋಟಿಕ್ಸ್ ಕಂಪೆನಿ ತನ್ನ ಇಂಥ ಸರಕಿಗೆ ಇಟ್ಟ ‘ವಿನ್‌ಮೋಡೆಮ್’ ಎಂಬ ವ್ಯಾಪಾರದ ಹೆಸರು, ಜನರ ಬಾಯಲ್ಲಿ ಈ ಇಡೀ ಜಾತಿಗೇ ಹೆಸರಾಯಿತು.

ಈ ಉಪಾಯವನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಲ್ಲ. ಬೆಲೆ ಇಳಿಯಿತು, ಅದರಿಂದ ಬಡವನಿಗೂ ಮೋಡೆಮು ದಕ್ಕಿತು. 1997ರಲ್ಲಿ 56 ಸಾವಿರದ ವೇಗಕ್ಕೆ ‘ಎಕ್ಸ್2’ ಮತ್ತು ‘ಕೆ56ಫ್ಲೆಕ್ಸ್’ ಎಂಬ ಎರಡು ಪಂಗಡಗಳು ಪರಸ್ಪರ ಮಾತು ಬಿಟ್ಟಿದ್ದುವು, ಮರುವರ್ಷ ‘ವಿ.90’ ರಾಜಿ ಮಾಡಿಸಿದಾಗ, ತಂತ್ರಾಂಶದಲ್ಲಿಯೇ ಬಾಳುವ ಮೋಡೆಮುಗಳಿಗೆ ಹೊಸ ನಡತೆಯನ್ನು ಕಲಿಸುವುದು ಸುಲಭವಾಯಿತು. ನಿಜವಾದ ಸಂಕಟವಿದ್ದುದು ಬೇರೆಡೆ. ಆ ತಂತ್ರಾಂಶ ಒಳಗೆ ಏನು ಮಾಡುತ್ತದೆ, ಉಳಿದ ಚಿಪ್ಪಿನೊಡನೆ ಹೇಗೆ ಮಾತನಾಡುತ್ತದೆ ಎಂಬುದನ್ನು ತಯಾರಕರು ಯಾರಿಗೂ ಹೇಳಲಿಲ್ಲ. ಪೇಟೆಂಟು, ವ್ಯಾಪಾರದ ಗುಟ್ಟು ಎಂಬ ಕಾರಣಗಳು ಬಂದುವು. ಹೇಯ್ಸನ ಭಾಷೆ ಊರಿಗೆಲ್ಲ ತಿಳಿದ ಭಾಷೆ. ಇದು ಇಬ್ಬರ ನಡುವಿನ ಪಿಸುಮಾತು. ಲಿನಕ್ಸಿನವರಿಗೆ ಸಾಮರ್ಥ್ಯ ಸಾಲದೆ ಅಲ್ಲ, ಸೋರಿದ ಒಂದು ಹನಿಯೂ ಕೈಗೆ ಸಿಗದೆ ಅವರು ನಿಂತುಬಿಟ್ಟರು.

ಆದುದರಿಂದ ಆ ಕಾಲದಲ್ಲಿ ಮೋಡೆಮನ್ನು ಆರಿಸುವುದೆಂದರೆ, ಅಂಗಡಿಯವನ ಗಾಜಿನ ಬೀರುವಿನಲ್ಲಿರುವ ಹತ್ತು ಪೆಟ್ಟಿಗೆಗಳಲ್ಲಿ ಯಾವುದಕ್ಕೆ ಮಿದುಳಿದೆ ಎಂದು ಕಂಡುಹಿಡಿಯುವುದೇ ಆಗಿದ್ದಿತು. ಪೆಟ್ಟಿಗೆಯ ಮೇಲೆ ‘ಮಿದುಳಿಲ್ಲ’ ಎಂದು ಯಾರೂ ಅಚ್ಚುಹಾಕಿಸುವುದಿಲ್ಲ. ಆದರೆ ಅನುಭವಿಗಳು ಕೆಲವು ಗುರುತುಗಳನ್ನು ಕಂಡುಕೊಂಡರು. ‘ಬೇಕಾದುವು’ ಎಂಬ ಸಣ್ಣ ಅಕ್ಷರಗಳ ಪಟ್ಟಿಯಲ್ಲಿ ಇಂತಿಷ್ಟು ವೇಗದ ಪೆಂಟಿಯಂ ಇರಲೇಬೇಕೆಂದು ಬರೆದಿದ್ದರೆ ಸಂದೇಹಪಡಬೇಕು. ಟೆಲಿಫೋನು ಮಾಡುವ ಪೆಟ್ಟಿಗೆಗೆ ಕಂಪ್ಯೂಟರಿನ ಶಕ್ತಿಯ ವಿಚಾರವೇಕೆ, ಆ ಶಕ್ತಿಯನ್ನು ತಾನು ತಿನ್ನುವ ಉದ್ದೇಶವಿಲ್ಲದಿದ್ದರೆ? ಇದಕ್ಕೆ ಪ್ರತಿಯಾಗಿ, ಹಳೆಯ ಡಾಸ್ ವ್ಯವಸ್ಥೆಯಲ್ಲಿಯೂ ಇದು ನಡೆಯುತ್ತದೆ ಎಂದು ಪೆಟ್ಟಿಗೆ ಹೇಳಿಕೊಂಡಿದ್ದರೆ ಕಣ್ಣುಮುಚ್ಚಿ ಕೊಳ್ಳಬಹುದಾಗಿದ್ದಿತು. ಡಾಸಿಗಾಗಿ ಯಾರೂ ಗುಟ್ಟಿನ ತಂತ್ರಾಂಶ ಬರೆಯುವ ಗೊಡವೆಗೆ ಹೋಗುತ್ತಿರಲಿಲ್ಲವಾದುದರಿಂದ, ಡಾಸಿಗೆ ಒಗ್ಗಿದುದು ಲಿನಕ್ಸಿಗೂ ಒಗ್ಗುತ್ತಿದ್ದಿತು.

ಎಲ್ಲಕ್ಕಿಂತ ನಿಶ್ಚಿಂತೆಯದು ಹೊರಗಿನ ಪೆಟ್ಟಿಗೆ, ಒಂಬತ್ತು ಅಥವಾ ಇಪ್ಪತ್ತೈದು ಮೊಳೆಗಳ ಕೇಬಲಿನಿಂದ ಸೀರಿಯಲ್ ಕಿಂಡಿಗೆ ಸೇರುವಂಥದು. ಆ ಕೇಬಲಿನಲ್ಲಿ ಅಕ್ಷರಗಳ ಹೊರತು ಬೇರೇನೂ ಸಾಗಲಾರದು. ಆದುದರಿಂದ ಮಿದುಳು ಆಚೆಯ ಕಡೆ ಇರಲೇಬೇಕು. ಬೆಲೆ ಹೆಚ್ಚು, ಮೇಜಿನ ಮೇಲೆ ಜಾಗ ಬೇಕು, ಗೋಡೆಯಲ್ಲಿ ಇನ್ನೊಂದು ಪ್ಲಗ್ಗಿಗೆ ಎಡೆಬೇಕು. ಆದರೂ ಮುಖದ ಮೇಲಿನ ಕೆಂಪು ದೀಪಗಳ ಸಾಲನ್ನು ನೋಡಿ ಕರೆ ಎಲ್ಲಿಯವರೆಗೆ ಬಂದಿತೆಂದು ಹೇಳಬಹುದಾದ ಅನುಕೂಲವನ್ನು ಬಳಸಿದವರೇ ಬಲ್ಲರು. ಅಮೆರಿಕದಲ್ಲಿದ್ದ ನೆಂಟರು ಪ್ರೀತಿಯಿಂದ ತಂದುಕೊಟ್ಟ ಪೆಟ್ಟಿಗೆಯಾದರೆ ಮಾತ್ರ ಇನ್ನೊಂದು ಎಚ್ಚರಿಕೆ: ಅದರ ಜೊತೆಗೆ ಬಂದ ಅಡಾಪ್ಟರು ಆ ದೇಶದ 120 ವೋಲ್ಟಿಗಾಗಿ ಮಾಡಿದುದು. ಅದನ್ನು ಇಲ್ಲಿಯ 230 ವೋಲ್ಟಿನ ಪ್ಲಗ್ಗಿಗೆ ಸಿಕ್ಕಿಸಿದರೆ ಹೊಗೆಯ ಹೊರತು ಬೇರೆ ಸಂದೇಶ ಬಾರದು.

ಹೊರಗಿನ ಪೆಟ್ಟಿಗೆಗೂ ಕಂಪ್ಯೂಟರಿನ ಕಡೆಯಿಂದ ಒಂದು ಸಹಾಯ ಬೇಕಾಗಿದ್ದಿತು. ಸೀರಿಯಲ್ ಕಿಂಡಿಯನ್ನು ಕಾಯುವ ಚಿಪ್ಪಿನ ಮಾತಿದು. ಹಳೆಯ ಯಂತ್ರಗಳಲ್ಲಿದ್ದ 8250 ಅಥವಾ 16450 ಎಂಬ ಚಿಪ್ಪುಗಳು ಬಂದ ಅಕ್ಷರಗಳಲ್ಲಿ ಒಂದನ್ನು ಮಾತ್ರ ಕೈಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲುವು. ಕಿಂಡಿಯ ವೇಗ ಸೆಕೆಂಡಿಗೆ 1,15,200 ಬಿಟ್ ಎಂದಿಟ್ಟುಕೊಂಡರೆ, ಆದಿ ಅಂತ್ಯದ ಗುರುತುಗಳೂ ಸೇರಿ ಅಕ್ಷರವೊಂದಕ್ಕೆ 10 ಬಿಟ್‌ಗಳಂತೆ ಸೆಕೆಂಡಿಗೆ 11,520 ಅಕ್ಷರಗಳು ಬರುತ್ತವೆ. ಅಂದರೆ ಸೆಕೆಂಡಿನ ಹತ್ತು ಲಕ್ಷದ ಪಾಲಿನಲ್ಲಿ 87 ಪಾಲು ಕಳೆಯುವುದರೊಳಗೆ ಮುಂದಿನ ಅಕ್ಷರ ಬಾಗಿಲು ತಟ್ಟುತ್ತದೆ. ಯಜಮಾನ ಅಷ್ಟರೊಳಗೆ ಓಡಿಬಂದು ಮೊದಲನೆಯದನ್ನು ಇಸಿದುಕೊಳ್ಳದಿದ್ದರೆ ಅದು ನಷ್ಟ. 16550ಎ ಎಂಬ ಹೊಸ ಚಿಪ್ಪಿಗೆ ಹದಿನಾರು ಅಕ್ಷರಗಳ ಬುಟ್ಟಿಯಿದ್ದಿತು. ಬುಟ್ಟಿ ಸಣ್ಣದೇ, ಆದರೆ ಏಕಕಾಲಕ್ಕೆ ಹತ್ತು ಕೆಲಸಗಳನ್ನು ನೋಡಿಕೊಳ್ಳುವ ಯುನಿಕ್ಸಿನಂಥ ವ್ಯವಸ್ಥೆಗೆ ಉಸಿರಾಡಲು ಅವಕಾಶ ಕೊಟ್ಟುದು ಆ ಬುಟ್ಟಿಯೇ.

ಒಳಗೆ ಕೂಡಿಸುವ ಹಲಗೆಗಳ ವಿಷಯ ಇನ್ನಷ್ಟು ಸಿಕ್ಕು. ಹಳೆಯ ‘ಐಎಸ್‌ಎ’ ಮಾದರಿಯ ಹಲಗೆಯ ಮೇಲೆ ಜಂಪರ್ ಎಂಬ ಪುಟ್ಟ ಟೊಪ್ಪಿಗೆಗಳನ್ನು ಅಲ್ಲಿಂದಿಲ್ಲಿಗೆ ಬದಲಿಸಿ ಅದರ ಕಿಂಡಿಯ ಸಂಖ್ಯೆಯನ್ನು ಗೊತ್ತುಮಾಡುವ ಏರ್ಪಾಡಿದ್ದರೆ ಅದು ಬಹುಮಟ್ಟಿಗೆ ಪೂರ್ಣಾಂಗವಾದುದೇ. ಅಲ್ಲಿಯೂ ಒಂದು ಜಗಳವಿದ್ದಿತು. ಮೊದಲನೆಯ ಮತ್ತು ಮೂರನೆಯ ಕಿಂಡಿಗಳು ವಾಡಿಕೆಯಂತೆ ಒಂದೇ ಕರೆಗಂಟೆಯನ್ನು ಹಂಚಿಕೊಳ್ಳುತ್ತವೆ. ಒಂದರಲ್ಲಿ ಮೌಸು, ಇನ್ನೊಂದರಲ್ಲಿ ಮೋಡೆಮು ಇದ್ದರೆ ಮೌಸನ್ನು ಅಲುಗಾಡಿಸಿದಾಗ ಮೋಡೆಮು ಉಸಿರು ಕಟ್ಟುವುದು. ಬೇರೆ ಗಂಟೆಯನ್ನು ಗೊತ್ತುಮಾಡಿ ‘ಸೆಟ್‌ಸೀರಿಯಲ್’ ಎಂಬ ಆಜ್ಞೆಯಿಂದ ಲಿನಕ್ಸಿಗೆ ತಿಳಿಸಿದರೆ ಸರಿಹೋಗುತ್ತಿದ್ದಿತು. ಆಮೇಲೆ ಬಂದ ‘ಪಿಸಿಐ’ ಹಲಗೆಗಳಲ್ಲಾದರೋ ಹೆಚ್ಚಿನವು ಮಿದುಳಿಲ್ಲದವೇ. ಲ್ಯಾಪ್‌ಟಾಪಿನ ಹೊಟ್ಟೆಯೊಳಗೇ ಬಂದುವುಗಳ ಬಗ್ಗೆ ಹೇಳುವುದೇ ಬೇಡ. ಇನ್ನು ಯುಎಸ್‌ಬಿ ಬಂದಾಗ ‘ಹೊರಗಿನದೆಲ್ಲ ಒಳ್ಳೆಯದು’ ಎಂಬ ಹಳೆಯ ನಂಬಿಕೆಯೂ ಹುಸಿಯಾಯಿತು. ಹೊರಗೆ ಕುಳಿತೂ ಮಿದುಳಿಲ್ಲದ ಯುಎಸ್‌ಬಿ ಮೋಡೆಮುಗಳು ಉಂಟು. ‘ಸಿಡಿಸಿ ಎಸಿಎಂ’ ಎಂಬ ಸರ್ವಸಮ್ಮತವಾದ ನಡವಳಿಕೆಗೆ ಬದ್ಧವಾದುದಾದರೆ ಮಾತ್ರ ಲಿನಕ್ಸ್ ಅದನ್ನು ತಾನಾಗಿಯೇ ಗುರುತಿಸಿ, ಹೊಸದೊಂದು ಕಿಂಡಿಯ ಕಡತವನ್ನು ತೆರೆದುಕೊಡುತ್ತದೆ.

ಮಿದುಳಿದ್ದುದರಲ್ಲಿಯೂ ತಾರತಮ್ಯವಿಲ್ಲದಿಲ್ಲ. ಹೇಯ್ಸನ ವ್ಯಾಕರಣದಲ್ಲಿ ಒಂದು ಸೂಕ್ಷ್ಮವಾದ ನಿಯಮವಿದೆ. ಸಂಭಾಷಣೆ ನಡೆಯುತ್ತಿರುವಾಗ ಮೋಡೆಮನ್ನು ಮತ್ತೆ ಆಜ್ಞೆಯ ಕಡೆಗೆ ತಿರುಗಿಸಬೇಕಾದರೆ ಮೂರು ಕೂಡುಚಿಹ್ನೆಗಳನ್ನು ಕಳುಹಿಸಬೇಕು, ಅದರ ಹಿಂದೆ ಮುಂದೆ ಒಂದೊಂದು ಸೆಕೆಂಡು ಮೌನವಿರಬೇಕು. ಈ ಮೌನದ ಉಪಾಯಕ್ಕೆ ಹೇಯ್ಸ್ ಕಂಪೆನಿ ಪೇಟೆಂಟು ಪಡೆದಿದ್ದುದರಿಂದ, ಹಣ ತೆರಲು ಮನಸ್ಸಿಲ್ಲದ ಕೆಲವು ತಯಾರಕರು ಮೌನವನ್ನೇ ಕೈಬಿಟ್ಟರು. ಪರಿಣಾಮ ವಿನೋದಕರವಾಯಿತು, ಅನುಭವಿಸಿದವರಿಗೆ ಹೊರತು. ಇಂಟರ್ನೆಟ್ಟಿನಲ್ಲಿರುವ ಯಾರಾದರೂ ಕುಚೇಷ್ಟೆಯವನು ‘+++ಎಟಿಎಚ್0’ ಎಂಬ ಅಕ್ಷರಗಳನ್ನು ತುಂಬಿದ ಪಿಂಗ್ ಎಂಬ ಪುಟ್ಟ ಪೊಟ್ಟಣವನ್ನು ಕಳುಹಿಸಿದರೆ, ಪಡೆದ ಕಂಪ್ಯೂಟರು ಮರ್ಯಾದೆಯಿಂದ ಅದನ್ನೇ ಹಿಂತಿರುಗಿಸಹೋಗುತ್ತದೆ. ತನ್ನ ಒಡೆಯನೇ ಆಜ್ಞಾಪಿಸಿದನೆಂದು ತಿಳಿದು ಮೋಡೆಮು ಫೋನನ್ನು ಇಟ್ಟುಬಿಡುತ್ತದೆ! 1998ರ ಸುಮಾರಿಗೆ ಈ ಚೇಷ್ಟೆ ಬಹಳ ಪ್ರಚಾರಕ್ಕೆ ಬಂದಿತು. ‘ಎಸ್2’ ಎಂಬ ಖಾನೆಯಲ್ಲಿ 255 ಎಂದು ಬರೆದರೆ ಮೋಡೆಮಿಗೆ ಆ ಕಿವಿ ಮುಚ್ಚಿಹೋಗುತ್ತದೆ ಎಂಬುದು ಅದಕ್ಕೆ ಮದ್ದು.

ಈಗಾಗಲೇ ಮಿದುಳಿಲ್ಲದುದನ್ನು ಕೊಂಡುತಂದವರ ಗತಿ? ಅವರಿಗೂ ದಾರಿ ಪೂರ್ತಿಯಾಗಿ ಮುಚ್ಚಿರಲಿಲ್ಲ. ಲ್ಯೂಸೆಂಟ್ ಕಂಪೆನಿಯ ಚಿಪ್ಪುಗಳಿಗೆ ಲಿನಕ್ಸಿನಲ್ಲಿ ನಡೆಯುವ ಡ್ರೈವರ್ ಹೊರಬಿದ್ದಿತು. ಆದರೆ ಅದು ಮುಚ್ಚಿದ ಡಬ್ಬಿ. ಅದರ ತಿರುಳು ಮನುಷ್ಯರು ಓದಲಾಗದ ಯಂತ್ರಭಾಷೆಯಲ್ಲಿದ್ದಿತು, ಸುತ್ತಣ ಹೊದಿಕೆಯೊಂದೇ ತೆರೆದುದು. 2001ರ ಜನವರಿಯಲ್ಲಿ ಲಿನಕ್ಸಿನ ತಿರುಳಾದ ಕರ್ನೆಲ್ಲಿನ 2.4ನೆಯ ಆವೃತ್ತಿ ಬಂದಿತು, 2003ರ ಡಿಸೆಂಬರಿನಲ್ಲಿ 2.6 ಬಂದಿತು. ಪ್ರತಿಸಲವೂ ಹೊದಿಕೆಯನ್ನು ಸ್ವಯಂಸೇವಕರು ಹೊಲಿದು ಹೊಂದಿಸುವರು, ಡಬ್ಬಿಯೊಳಗಿನದನ್ನು ಮುಟ್ಟಲಾರರು. ಅದನ್ನು ಕೊಟ್ಟ ಕಂಪೆನಿಯ ಆಸಕ್ತಿ ತೀರಿದ ದಿನ ಇವರ ಕೈಯೂ ಕಟ್ಟಿದಂತೆ. 64 ಬಿಟ್ಟಿನ ಯಂತ್ರಗಳು ಬಂದಾಗ, 32 ಬಿಟ್ಟಿಗೆಂದು ಮುಚ್ಚಿದ ಇಂಥ ಡಬ್ಬಿಗಳು ಹೆಚ್ಚಾಗಿ ಅಟ್ಟ ಸೇರಿದುವು.

ಕೋನೆಕ್ಸಂಟ್ ಚಿಪ್ಪುಗಳ ವೃತ್ತಾಂತ ಇನ್ನೂ ಸ್ವಾರಸ್ಯವಾದುದು. ಅವುಗಳ ಲಿನಕ್ಸ್ ಡ್ರೈವರಿನ ಹೊಣೆಯನ್ನು 2003ರಲ್ಲಿ ಕೆನಡದ ಲಿನಕ್ಸಂಟ್ ಎಂಬ ಸಣ್ಣ ಕಂಪೆನಿ ವಹಿಸಿಕೊಂಡಿತು. ಹಣ ಕೊಡದವರಿಗೆ ಅವರ ಡ್ರೈವರು ಸೆಕೆಂಡಿಗೆ 14,400 ಬಿಟ್‌ಗಳಲ್ಲಿ ನಡೆಯುತ್ತಿದ್ದಿತು. ಪರವಾನಗಿಯನ್ನು ಕೊಂಡವರಿಗೆ ಪೂರ್ಣವೇಗ. ಒಂದು ಮೆಗಾಬೈಟಿನ ಕಡತಕ್ಕೆ ಮೊದಲನೆಯವರು ಹತ್ತು ನಿಮಿಷ ಕಾಯಬೇಕು. ಎರಡನೆಯವರಿಗೆ, ತಂತಿ ಚೆನ್ನಾಗಿದ್ದರೆ, ಮೂರೇ ನಿಮಿಷ. ವ್ಯಾಪಾರದಲ್ಲಿ ಅದೇನೂ ದೋಷವಲ್ಲ. ಆದರೆ ಕರ್ನೆಲ್ಲಿನಲ್ಲಿ ಒಂದು ಪದ್ಧತಿಯಿದೆ: ಒಳಗೆ ಬರುವ ಡ್ರೈವರಿನ ಪರವಾನಗಿಯ ಹೆಸರನ್ನು ಅದು ಕೇಳುತ್ತದೆ, ‘ಜಿಪಿಎಲ್’ ಎಂಬ ಮುಕ್ತ ಪರವಾನಗಿ ಅಥವಾ ಅದಕ್ಕೆ ಸಮನಾದುದು ಇದ್ದರೆ ಸುಮ್ಮನಾಗುತ್ತದೆ, ಇಲ್ಲದಿದ್ದರೆ ‘ಕಳಂಕಿತ’ ಎಂದು ಗುರುತುಹಾಕಿಕೊಂಡು ಎಚ್ಚರಿಕೆಯನ್ನು ಬರೆಯುತ್ತದೆ. 2004ರ ಏಪ್ರಿಲಿನಲ್ಲಿ ಒಂದು ಸಂಗತಿ ಬಯಲಾಯಿತು. ಲಿನಕ್ಸಂಟ್ ಡ್ರೈವರು ಹೇಳುತ್ತಿದ್ದ ವಾಕ್ಯದಲ್ಲಿ ‘ಜಿಪಿಎಲ್’ ಎಂಬುದರ ಹಿಂದೆಯೇ ಒಂದು ಶೂನ್ಯಾಕ್ಷರವಿದ್ದಿತು. ಜಿಪಿಎಲ್ ಎಂಬ ಹೆಸರಿನ ವಿಭಾಗದ ಕಡತಗಳಿಗಷ್ಟೇ ಆ ಪರವಾನಗಿ ಎಂಬ ಮಿತಿ ಅದರ ಆಚೆಗಿದ್ದಿತು. ಸಿ ಭಾಷೆಯಲ್ಲಿ ಶೂನ್ಯಾಕ್ಷರವೆಂದರೆ ವಾಕ್ಯ ಮುಗಿದ ಗುರುತು. ಕಾವಲುಗಾರ ‘ಜಿಪಿಎಲ್’ ಎಂಬಷ್ಟನ್ನೇ ಓದಿ ಬಾಗಿಲು ತೆರೆದ. ಮುಂದಿನ ಮಾತು ಆತನ ಕಣ್ಣಿಗೆ ಬೀಳಲೇ ಇಲ್ಲ. ಅದೇ ಎಚ್ಚರಿಕೆ ಮತ್ತೆ ಮತ್ತೆ ಕಾಣಿಸಿ ಬಳಸುವವರು ಗಾಬರಿಗೊಳ್ಳುತ್ತಿದ್ದರು, ಅದನ್ನು ತಪ್ಪಿಸಲು ಹೀಗೆ ಮಾಡಿದುದು ಎಂದು ಕಂಪೆನಿಯವರು ವಿವರಣೆಯಿತ್ತು ಕ್ಷಮೆ ಕೋರಿದರು. ಅವರ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಆದರೂ ಮಿದುಳಿಲ್ಲದ ಮೋಡೆಮನ್ನು ಕಟ್ಟಿಕೊಂಡವನು ಎಂತೆಂಥವರ ಉಪಾಯಗಳ ನೆರಳಿನಲ್ಲಿ ಬಾಳಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಬ್ರಾಡ್‌ಬ್ಯಾಂಡ್ ಬಂದಮೇಲೆ ಈ ಗೋಳೆಲ್ಲ ತಾನಾಗಿಯೇ ಕರಗಿತು. ಅಮೆರಿಕದ ಎಒಎಲ್ ಕಂಪೆನಿ ತನ್ನ ಟೆಲಿಫೋನು ತಂತಿಯ ಇಂಟರ್ನೆಟ್ ಸೇವೆಯನ್ನು 2025ರ ಸೆಪ್ಟೆಂಬರ್ 30ರಂದು ನಿಲ್ಲಿಸಿತು. ಹಾಗೆಂದು ಮೋಡೆಮಿನ ಕೆಲಸ ಪೂರ್ತಿ ಮುಗಿದಿಲ್ಲ. ಇಂಟರ್ನೆಟ್ ಸಂಪರ್ಕವೇ ಕೆಟ್ಟಾಗ ದೂರದೂರಿನ ಯಂತ್ರವನ್ನು ಟೆಲಿಫೋನಿನ ಮೂಲಕ ಮುಟ್ಟಿ ಸರಿಪಡಿಸುವುದಕ್ಕೂ ಲಿನಕ್ಸ್ ಯಂತ್ರದಿಂದ ಫ್ಯಾಕ್ಸು ಕಳುಹಿಸುವುದಕ್ಕೂ ಅದನ್ನು ಇಟ್ಟುಕೊಂಡವರಿದ್ದಾರೆ. ಅಂಥವರು ಇಂದು ಮೋಡೆಮನ್ನು ಆರಿಸಹೊರಟರೆ ಕೇಳಬೇಕಾದ ಪ್ರಶ್ನೆ ಹಿಂದಿನದೇ. ಹೊಸದಾದರೆ ಸಿಡಿಸಿ ಎಸಿಎಂ ಜಾತಿಯ ಯುಎಸ್‌ಬಿ ಪೆಟ್ಟಿಗೆ. ಹಳೆಯದಾದರೆ ಕೇಬಲಿನ ಹೊರಪೆಟ್ಟಿಗೆ, ಜೊತೆಗೆ ಅದಕ್ಕೆ ಸರಿಯಾದ ಅಡಾಪ್ಟರು. ಭಾರತದ ಡಯಲ್ ನಾದ ವಿದೇಶೀ ಮೋಡೆಮಿಗೆ ಅಪರಿಚಿತವಾಗಿ ಅದು ‘ನಾದವಿಲ್ಲ’ ಎಂದು ಹಟಹಿಡಿದರೆ ‘ಎಟಿಎಕ್ಸ್3’ ಎಂಬ ಆಜ್ಞೆಯನ್ನು ಮುಂಚಿತವಾಗಿ ಕೊಡಬೇಕು. ಆಗ ಅದು ನಾದಕ್ಕಾಗಿ ಕಾಯದೆ ಸಂಖ್ಯೆಯನ್ನು ಒತ್ತುತ್ತದೆ. ಗುಡುಗು ಮಿಂಚಿನ ಮಳೆಗಾಲದ ಸಂಜೆಗಳಲ್ಲಿ ತಂತಿಯನ್ನು ಕಳಚಿಡುವುದು ಕ್ಷೇಮ. ಮಿಂಚಿಗೆ ಮಿದುಳಿದ್ದುದು ಇಲ್ಲದುದು ಎಂಬ ಭೇದವಿಲ್ಲ.

1990ರ ದಶಕದ ವಿನ್‌ಮೋಡೆಮ್ ಹಲಗೆಗಳಿಗೆ ಇಂದು ಅವುಗಳ ಸ್ವಂತ ವಿಂಡೋಸಿನ ಹೊಸ ಆವೃತ್ತಿಗಳಲ್ಲಿಯೂ ನೆಲೆಯಿಲ್ಲ. ಅದೇ ಕಾಲದ ಒಂದು ಹೊರಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಯುಎಸ್‌ಬಿಯಿಂದ ಸೀರಿಯಲ್ಲಿಗೆ ಹೊಂದಿಸುವ ಚಿಕ್ಕ ಕೇಬಲಿನ ಮೂಲಕ ಈ ವರ್ಷದ ಲಿನಕ್ಸ್ ಯಂತ್ರಕ್ಕೆ ಸೇರಿಸಿ, ‘ಮಿನಿಕಾಂ’ ಎಂಬ ತಂತ್ರಾಂಶವನ್ನು ತೆರೆದು ‘ಎಟಿ’ ಎಂದು ಒತ್ತಿದರೆ, ಪೆಟ್ಟಿಗೆ ಕೆಡದೆ ಉಳಿದಿರುವ ಪಕ್ಷದಲ್ಲಿ, ಮರುಕ್ಷಣವೇ ತೆರೆಯ ಮೇಲೆ ‘ಓಕೆ’ ಎಂದು ಮೂಡುತ್ತದೆ.